ಹೆಣ ಎಲ್ಲಿ ಅಂತ ಹೇಳದಿದ್ರೆ ಪೆರೋಲ್ ಇಲ್ಲ

"ಪೆರೋಲ್ ಕೊಡದಿದ್ರೆ ಏನಾಯ್ತು? ತಂಗಿ ಮದುವೆಗೆ ಬರೋಕಾಗಲ್ಲ, ಅಷ್ಟೇ ತಾನೆ?" ಅಂದಳು ಅಮ್ಮ, ಮೈಸೂರಿನಿಂದ ಫೋನಿನಲ್ಲಿ.

ತಪ್ಪು ಅವಳದಲ್ಲ. ನಮ್ಮಲ್ಲಿ ಪೆರೋಲ್ ಅಂದರೆ ಜೈಲಿನಿಂದ ಸಿಗುವ ರಜೆ. ಮನೆಯಲ್ಲಿ ಸಾವು, ಮದುವೆ ಅಂತ ಕೆಲವು ದಿನ ಬಿಡುತ್ತಾರೆ, ಆಮೇಲೆ ವಾಪಸ್ ಹೋಗಬೇಕು. ಇಲ್ಲಿ ಸಿಡ್ನಿಯಲ್ಲಿ ಅದರ ಅರ್ಥವೇ ಬೇರೆ. ಕೋರ್ಟು ಶಿಕ್ಷೆ ಹೇಳುವಾಗ ಸಾಮಾನ್ಯವಾಗಿ ಎರಡು ಲೆಕ್ಕ ಕೊಡುತ್ತದೆ. ಒಟ್ಟು ಇಷ್ಟು ವರ್ಷ, ಅದರಲ್ಲಿ ಕಡೇ ಪಕ್ಷ ಇಷ್ಟು ವರ್ಷ ಒಳಗೇ ಇರಬೇಕು. ಅದು ಮುಗಿದ ಮೇಲೆ ಉಳಿದ ಶಿಕ್ಷೆಯನ್ನು ಷರತ್ತಿನ ಮೇಲೆ ಹೊರಗೆ ಕಳೆಯುವುದೇ ಪೆರೋಲ್. ಒಳಗಿರುವವನು ದಿನ ಎಣಿಸುವುದು ಆ ತಾರೀಖಿಗೆ.

2022ರಲ್ಲಿ ನಮ್ಮ ನ್ಯೂ ಸೌತ್ ವೇಲ್ಸ್ ರಾಜ್ಯ ಕೈ ಹಾಕಿದ್ದು ಅಲ್ಲಿಗೇ. ಕೊಂದವನು ಹೆಣ ಎಲ್ಲಿದೆ ಅಂತ ಪೊಲೀಸರಿಗೆ ಹೇಳಿ ಸಹಕರಿಸದಿದ್ದರೆ ಪೆರೋಲ್ ಇಲ್ಲ. ಜನ 'ನೋ ಬಾಡಿ, ನೋ ಪೆರೋಲ್' ಅಂತಾರೆ. ಸೌತ್ ಆಸ್ಟ್ರೇಲಿಯಾ, ಕ್ವೀನ್ಸ್‌ಲ್ಯಾಂಡ್‌ನಂಥ ರಾಜ್ಯಗಳಲ್ಲಿ ಮೊದಲೇ ಇತ್ತು. ನಮ್ಮಲ್ಲಿ ಬಂದಿದ್ದು ಲಿನ್ ಡಾಸನ್ ಎಂಬ ಹೆಂಗಸಿನಿಂದ. ಅದಕ್ಕೇ ಇದನ್ನು 'ಲಿನ್ಸ್ ಲಾ' ಅಂತಲೂ ಕರೆಯುತ್ತಾರೆ.

ಲಿನ್ ನರ್ಸ್. ಗಂಡ ಕ್ರಿಸ್ ಶಾಲೆಯ ಮೇಷ್ಟ್ರು, ಹಿಂದೆ ರಗ್ಬಿ ಆಟಗಾರ. ಸಿಡ್ನಿಯ ಉತ್ತರದ ಕಡಲತೀರದ ಬೇವ್ಯೂನಲ್ಲಿ ಮನೆ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. 1982ರ ಜನವರಿಯಲ್ಲಿ ಲಿನ್ ಕಾಣೆಯಾದಳು. ಶಾಪಿಂಗ್‌ಗೆಂದು ಮೋನಾ ವೇಲ್ ಬಸ್ ಸ್ಟಾಪಿನಲ್ಲಿ ಬಿಟ್ಟು ಬಂದೆ ಅಂದ ಗಂಡ. ಪೊಲೀಸರಿಗೆ ದೂರು ಕೊಟ್ಟಿದ್ದು ಆರು ವಾರದ ನಂತರ. ಅಷ್ಟರಲ್ಲಿ ಅವನ ಶಾಲೆಯಲ್ಲೇ ಓದುತ್ತಿದ್ದ, ಮಕ್ಕಳನ್ನು ನೋಡಿಕೊಳ್ಳಲು ಬರುತ್ತಿದ್ದ ಹುಡುಗಿ ಆ ಮನೆಗೇ ಬಂದು ಸೇರಿದ್ದಳು. ಇಷ್ಟಾದರೂ ಕೇಸು ಕೋರ್ಟಿನ ಕೊನೆ ಮುಟ್ಟಲು ನಲವತ್ತು ವರ್ಷ ಬೇಕಾಯಿತು. 2018ರ ಒಂದು ಪಾಡ್‌ಕಾಸ್ಟ್ ಊರೆಲ್ಲ ಈ ಕಥೆ ಮಾತಾಡುವ ಹಾಗೆ ಮಾಡಿತು. ಅದೇ ವರ್ಷ ಪೊಲೀಸರು ಹಳೇ ಮನೆಯ ಹಿತ್ತಲು ಅಗೆದರು. ಏನೂ ಸಿಗಲಿಲ್ಲ.

2022ರ ಆಗಸ್ಟ್ 30ರಂದು ಜಡ್ಜ್ ಗಂಟೆಗಟ್ಟಲೆ ತೀರ್ಪು ಓದಿದರು. ನಾನು ಆಫೀಸಿನಲ್ಲಿ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ಕೆಲಸ ಆದ ಹಾಗೆಯೇ! ಕೊನೆಗೆ ಕೊಲೆ ಸಾಬೀತು ಅಂದರು. ಹೊರಗೆ ಲಿನ್‌ಳ ಸಹೋದರ ಮೈಕಿನ ಮುಂದೆ ನಿಂತು, ಅವಳು ಎಲ್ಲಿದ್ದಾಳೆ ಅಂತ ಈಗಲಾದರೂ ಹೇಳು ಅಂತ ಕೇಳಿಕೊಂಡರು. ಗೆದ್ದವರು ಸೋತವನ ಹತ್ತಿರ ಬೇಡುತ್ತಿದ್ದರು.

ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಕೇಳಿದ್ದು ಒಂದೇ: "ಮತ್ತೆ ತಿಥಿ ಯಾವತ್ತು ಮಾಡ್ತಾರೆ?"

ಅವರಲ್ಲಿ ತಿಥಿ ಇಲ್ಲಮ್ಮ ಅಂದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಪ್ಪ ಹೋದಾಗ ನಾನು ಊರು ತಲುಪುವಷ್ಟರಲ್ಲಿ ದಹನ ಮುಗಿದಿತ್ತು. ನನಗೆ ಸಿಕ್ಕಿದ್ದು ಒಂದು ಮಡಕೆ. ಅದನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು, ನೀರಿನಲ್ಲಿ ಮೂರು ಸಲ ಮುಳುಗಿ ಎದ್ದ ಮೇಲೇ ಅಪ್ಪ ಇಲ್ಲ ಅನ್ನುವುದು ತಲೆಗೆ ಹೋಗಿದ್ದು. ಹೊಳೆಯಲ್ಲಿ ಕೊಚ್ಚಿಹೋಗಿ ಸಿಗದವರಿಗೂ ನಮ್ಮವರು ದರ್ಭೆಯಲ್ಲಿ ಒಂದು ಆಕಾರ ಮಾಡಿಯಾದರೂ ಸುಡುತ್ತಾರೆ. ಲಿನ್‌ಳ ಮನೆಯವರಿಗೆ ಆ ಮಡಕೆಯೂ ಇಲ್ಲ.

ಹಾಗಾಗಿ ನಾನು ಈ ಕಾನೂನಿನ ಪರ. ಆದರೂ ಒಂದು ಅಳುಕಿದೆ. ಕೋರ್ಟು ತಪ್ಪು ಮನುಷ್ಯನನ್ನು ಒಳಗೆ ಹಾಕಿದ್ದರೆ? ಗೊತ್ತಿಲ್ಲದ್ದನ್ನು ಅವನು ಎಲ್ಲಿಂದ ತಂದು ಹೇಳಬೇಕು? ನಿಜವಾದ ಕೊಲೆಗಾರ ಬೇಕಾದರೆ ಹೇಳಿ ಹೊರಬರಬಹುದು, ನಿರಪರಾಧಿಗೆ ಆ ದಾರಿಯೂ ಇಲ್ಲ. ಇದಕ್ಕೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಇಂಗ್ಲೆಂಡಿನಲ್ಲಿ ಇದೇ ತರಹದ್ದು ಸ್ವಲ್ಪ ಮೆತ್ತಗಿದೆ. ಅಲ್ಲಿ 2020ರ 'ಹೆಲೆನ್ಸ್ ಲಾ' ಪ್ರಕಾರ ಪೆರೋಲ್ ಬೋರ್ಡ್ ಈ ಮೌನವನ್ನು ಗಣನೆಗೆ ತೆಗೆದುಕೊಳ್ಳಲೇಬೇಕು, ಆದರೆ ಬಿಡಲೇಬಾರದು ಅಂತಿಲ್ಲ. 1988ರಲ್ಲಿ ಕೊಲೆಯಾದ 22 ವರ್ಷದ ಹೆಲೆನ್ ಮೆಕೋರ್ಟ್‌ಳ ತಾಯಿ ವರ್ಷಗಟ್ಟಲೆ ಓಡಾಡಿ ತಂದ ಕಾನೂನು ಅದು. ಅದು ಬರುವ ಮೊದಲೇ ಮಗಳ ಕೊಲೆಗಾರ ಬಿಡುಗಡೆಯಾಗಿದ್ದ. 2022ರಲ್ಲಿ ಸತ್ತ. ಎಲ್ಲಿ ಅಂತ ಹೇಳಲೇ ಇಲ್ಲ.

"ಈ ಮೇಷ್ಟ್ರಾದ್ರೂ ಹೇಳ್ತಾನಾ?" ಅಂತ ಅಮ್ಮ ಕೇಳಿದಳು.

ಇವತ್ತಿಗೂ ನಾನು ಕೊಂದೇ ಇಲ್ಲ ಅನ್ನುತ್ತಾನೆ ಅಂದೆ. ಕೊಲೆಗೆ 24 ವರ್ಷದ ಶಿಕ್ಷೆ, ಮೇಲೆ ತನ್ನ ವಿದ್ಯಾರ್ಥಿನಿಯಾಗಿದ್ದ ಆ ಹುಡುಗಿಯ ಮೇಲಿನ ಲೈಂಗಿಕ ಅಪರಾಧದ ಕೇಸಿನದ್ದೂ ಸೇರಿ, ಪೆರೋಲ್ ಕೇಳಬಹುದಾದ ವರ್ಷ 2041. ಹುಟ್ಟಿದ್ದು 1948ರಲ್ಲಿ.

ಅಮ್ಮ ಬೆರಳಲ್ಲಿ ಎಣಿಸಿದಳೇನೋ, ಸ್ವಲ್ಪ ಹೊತ್ತು ಸದ್ದಿಲ್ಲ.

"ತೊಂಬತ್ಮೂರು. ಹೇಳಲ್ಲ ಬಿಡು."