ನೇತ್ರಾಣಿ, ನೆಗಡಿ ಮತ್ತು ಗೋಬ್ರ ಸಾರು

ಮುರ್ಡೇಶ್ವರದ ಬಗ್ಗೆ ಹೇಳೋಕೆ ನನ್ನ ಹತ್ತಿರ ಜಾಸ್ತಿ ಏನಿಲ್ಲ. ಎತ್ತರದ ಗೋಪುರ, ಅದರ ಲಿಫ್ಟಿಗೆ ಕ್ಯೂ, ಬೀಚಿನ ತುಂಬ ಜನ. ನಾನು, ಹೆಂಡತಿ ಹೋಗಿದ್ದು ನೇತ್ರಾಣಿಗೆ, ದಡದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪಕ್ಕೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವ ಸ್ಕೂಬಾ ಡೈವಿಂಗ್‌ಗೆ. ಬೋಟು ಹೊರಟಾಗ 123 ಅಡಿಯ ಶಿವ ಹೆಬ್ಬೆರಳಷ್ಟಾಗಿ, ಆಮೇಲೆ ಕಾಣದಾದ. ಅಷ್ಟರಲ್ಲಿ ಅರ್ಧ ಬೋಟು ವಾಂತಿ ಮಾಡಿತ್ತು.

ಗಾಳಿ ತಾಗದ ಬದಿಯಲ್ಲಿ ಲಂಗರು ಹಾಕಿದರು. ಅಲ್ಲಿ ನೀರು ಕೆರೆಯ ಹಾಗೆ.

ನನಗೆ ಎರಡು ದಿನದಿಂದ ನೆಗಡಿ. ದುಡ್ಡು ಕಟ್ಟುವಾಗ ಹೇಳಿದೆ. ಕೌಂಟರಿನ ಹುಡುಗ "ಏನಾಗಲ್ಲ ಸರ್" ಅಂದ. ಮೂರು ಮೀಟರ್ ಇಳಿದಿರಲಿಲ್ಲ, ಎಡಗಿವಿಗೆ ದಬ್ಬಳ ಚುಚ್ಚಿದ ಹಾಗಾಯಿತು. ಕಿವಿಯ ಒತ್ತಡ ಸರಿಹೋಗಲಿ ಅಂತ ಮೂಗು ಹಿಡಿದು ಊದಿದೆ. ಬಲಗಿವಿ ಬಿಟ್ಟುಕೊಂಡಿತು, ಎಡಗಿವಿ ಇಲ್ಲ. ಇನ್‌ಸ್ಟ್ರಕ್ಟರ್ ಸ್ವಲ್ಪ ಮೇಲೆತ್ತಿ ಮತ್ತೆ ಇಳಿಸಿ ನೋಡಿದರು, ಕೊನೆಗೆ ತಲೆಯಾಡಿಸಿದರು. ಮುಗೀತು. ದುಡ್ಡು ವಾಪಸ್ ಇಲ್ಲ. ನೆಗಡಿ ಇದ್ದರೆ ದಯವಿಟ್ಟು ದಿನ ಮುಂದೂಡಿ. ಮಾತ್ರೆ ನುಂಗಿ ಇಳಿಯುವ ಉಪಾಯವೂ ಬೇಡ. ಅದರ ಶಕ್ತಿ ನೀರೊಳಗಿರುವಾಗಲೇ ಮುಗಿದರೆ, ಮೇಲೆ ಬರುವಾಗ ಕಿವಿ ಕಟ್ಟುತ್ತದೆ.

ಸರಿ, ಸ್ನಾರ್ಕೆಲ್ ಅನ್ನೋ ಉಸಿರಾಟದ ಕೊಳವೆ ಕಚ್ಚಿಕೊಂಡು ನೀರ ಮೇಲೆ ಬೋರಲಾಗಿ ತೇಲಿದೆ. ಸಮುದ್ರದೊಳಗೆ ಮೌನ ಅಂದುಕೊಂಡಿದ್ದೆ. ಎಲ್ಲಿ ಬಂತು! ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಚಟ. ಬಂಡೆ ಸಂದಿಯ ಪುಟ್ಟ ಸಿಗಡಿಗಳು ಕೊಂಡಿ ಸಿಡಿಸುವ ಸದ್ದಂತೆ. ಒಂದು ಗಿಳಿಮೀನು ಹವಳವನ್ನು ಕರಕ್ಕನೆ ಕಚ್ಚಿತು. ಕಚ್ಚಿದಲ್ಲಿ ಬಿಳಿ ಗೀರು. ಸ್ವಲ್ಪ ಮುಂದೆ ಹೋಗಿ ಹಿಂದಿನಿಂದ ಬಿಳಿ ಮರಳಿನ ಮೋಡ ಬಿಟ್ಟಿತು. ಕೆಳಗೆ ನನ್ನ ಹೆಂಡತಿ ಬಿಟ್ಟ ಗುಳ್ಳೆಗಳು ಮೇಲೇರುತ್ತ ದೊಡ್ಡದಾಗಿ, ಅಣಬೆಯಂತೆ ಚಪ್ಪಟೆಯಾಗಿ, ನನ್ನ ಹೊಟ್ಟೆಗೆ ಬಂದು ಒಡೆಯುತ್ತಿದ್ದವು. ಕಚಗುಳಿ. ಅವಳು ಎಲ್ಲಿದ್ದಾಳೆ ಅಂತ ಅದರಿಂದಲೇ ಗೊತ್ತಾಗುತ್ತಿತ್ತು.

ಬೋಟಿಗೆ ಹತ್ತಿದಾಗ ಅಲ್ಲಿದ್ದದ್ದು ಬೋಟು ನಡೆಸುವವರೊಬ್ಬರೇ. ಚಿಕ್ಕಂದಿನಿಂದ ಮೀನುಗಾರಿಕೆ.

"ಅಣ್ಣಾ, ನೀವು ಕೆಳಗೆ ಇಳಿದು ನೋಡಿದ್ದೀರಾ?"

"ಎಂತಕ್ಕೆ? ಮೀನು ಮೇಲೆ ಬಂದ ಮೇಲೆ ನೋಡುದು."

ನಾನು ಕಂಡದ್ದನ್ನೆಲ್ಲ ಹೇಳತೊಡಗಿದೆ. ಮೈತುಂಬ ಚುಕ್ಕೆ, ದಪ್ಪ ತುಟಿ, ಬಂಡೆ ಕೆಳಗೆ ಅಡಗಿತ್ತು.

"ಗೋಬ್ರ. ತಲೆ ಸಾರಿಗೆ ಚಲೋ."

ನೀಲಿ, ಹಸಿರು, ಗಿಳಿ ಮೂತಿ?

"ರುಚಿ ಇಲ್ಲ ಮಾರಾಯ್ರೆ, ಬರೀ ನೀರು."

ಹಳದಿ ಮೈಗೆ ಕಪ್ಪು ಪಟ್ಟೆ, ಅಂಗೈಯಷ್ಟಗಲ?

"ಅದು ಬಲೆಗೆ ಬಿದ್ರೆ ವಾಪಸ್ ಬಿಡುದು. ಮುಳ್ಳೇ ಜಾಸ್ತಿ."

ಹೀಗೆ ನಾನು ಬಣ್ಣ ಹೇಳುವುದು, ಅವರು ಅಡುಗೆ ಹೇಳುವುದು. ದ್ವೀಪದ ಬಂಡೆಯ ಮೇಲೊಂದು ಮೇಕೆ ಕಾಣಿಸಿತು. ಇದರ ಸಾರು ಹೇಗೆ ಅಂತ ತಮಾಷೆಗೆ ಕೇಳಿದೆ. ಅವರು ನಗಲಿಲ್ಲ.

"ಅದು ಹರಕೆದು. ಮುಟ್ಟುದಿಲ್ಲ."

ಅಷ್ಟರಲ್ಲಿ ಹೆಂಡತಿ ಮೇಲೆ ಬಂದಳು. ಮಾಸ್ಕ್ ತೆಗೆಯುವ ಮೊದಲೇ, "ರೀ, ಒಂದು ಚುಕ್ಕೆ ಮೀನು ಇತ್ತು, ಇಷ್ಟು ದೊಡ್ಡದು!" ಅಂತ ಕೈ ಅಗಲಿಸಿದಳು. ಅವರು ನನ್ನ ಮುಖ ನೋಡಿದರು.

ರಾತ್ರಿ ಊಟಕ್ಕೆ ಗೋಬ್ರ ಕೇಳಿದೆ, ಇರಲಿಲ್ಲ. ಬಂಗಡೆ ತಿಂದೆವು. ಎಡಗಿವಿ ಇನ್ನೂ ಮೂರು ದಿನ ಕಟ್ಟಿಕೊಂಡೇ ಇತ್ತು.