‘ನನ್ನ ಗುಣಾನೇ ಹಿಂಗ’ ಅನ್ನೋರಿಗೆ ಏನು ಕೇಳಬೇಕು

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಭಾವನೆ, ಸಿಟ್ಟು, ಸಂಬಂಧಗಳು ಹತೋಟಿ ತಪ್ಪುವ ಮಾನಸಿಕ ಸಮಸ್ಯೆ) ಇರುವವರು ನಮ್ಮ ಕಲಬುರಗಿ ಕಡೆ ಹೇಳುವುದು: ‘ನನ್ನ ಗುಣಾನೇ ಕೆಟ್ಟದ್ರೀ, ಡಾಕ್ಟರ್ ಬಲ್ಲಿ ಹೋಗಿ ಏನ್ ಮಾಡ್ಲಿ?’ ಮಂದಿ ಅಂದದ್ದನ್ನು ಮೊದಲು ಕೇಳುತ್ತಾರೆ, ಆಮೇಲೆ ನಿಜವೆಂದು ಒಪ್ಪುತ್ತಾರೆ, ಕೊನೆಗೆ ತಮಗೇ ಅಂಟಿಸಿಕೊಳ್ಳುತ್ತಾರೆ. ಪ್ರಯತ್ನ ನಿಲ್ಲುವುದು ಅಲ್ಲೇ. ಅದನ್ನು ಸೋಮಾರಿತನ ಅನ್ನುವುದು ದೊಡ್ಡ ಅನ್ಯಾಯ.

ಬುದ್ಧಿವಾದ ಬೇಡ, ‘ಬದಲಾಗು’ ಅಂದಷ್ಟೂ ‘ಆಗಲ್ಲ’ ಅನ್ನುವ ವಾದ ಗಟ್ಟಿಯಾಗುತ್ತದೆ. ಹೀಗೆ ಕೇಳಿ: ‘ಬದಲಾಗಬೇಕು ಅನ್ನೋದು 0ಯಿಂದ 10ರೊಳಗ ಎಷ್ಟದ?’ 3 ಅಂದರೆ, ‘1 ಯಾಕ ಅನ್ಲಿಲ್ಲ?’ ಅನ್ನಿ; ಬದಲಾಗಲು ಕಾರಣ ಅವರ ಬಾಯಿಂದಲೇ ಬರುತ್ತದೆ. ‘7 ಯಾಕಲ್ಲ?’ ಅಂದರೆ ಸೋಲಿನ ಪಟ್ಟಿಯೇ ಬರುತ್ತದೆ. ಅವರು ‘ಮಗಳ ಮ್ಯಾಲ ಚೀರೋದು ಬಿಡಬೇಕು’ ಎಂದರೆ ಅದನ್ನೇ ಹಿಡಿದು ಈ ವಾರಕ್ಕೆ ಒಂದೇ ಕೆಲಸ: ಸಿಟ್ಟು ಏರಿದಾಗ ಮುಖಕ್ಕೆ ತಣ್ಣೀರು, 10 ನಿಮಿಷ ಬೇರೆ ಕೋಣೆ. ತಪ್ಪಿದ ದಿನ ಬೈಯಬೇಡಿ, ಏನಾಯಿತೆಂದು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.