ಮೆಗಾಪಿಕ್ಸೆಲ್ ಆಮೇಲೆ, ಮೊದಲು ‘ಎಲ್ಲಿ ನಿಂತು ತೆಗೀತೀರಿ?’ ಅಂತ ಕೇಳಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಕ್ಯಾಮೆರಾ ಕೊಳ್ಳಲು ಬರುವವರು ಕೌಂಟರಿನಲ್ಲಿ ಮೊದಲು ಕೇಳುವುದು, “ಅಣ್ಣಾ, ಇದು ಎಷ್ಟು ಮೆಗಾಪಿಕ್ಸೆಲ್?” ನೇರವಾಗಿ ಉತ್ತರಿಸಿದರೆ ವ್ಯಾಪಾರ ಬೇಗ ಮುಗಿಯುತ್ತದೆ, ನಿಜ. ಆದರೆ ಮುಂದಿನ ಆಯನಕ್ಕೆ (ಜಾತ್ರೆಗೆ) ಅದೇ ಗಿರಾಕಿ “ರಾತ್ರಿ ಫೋಟೊ ಏನೂ ಬರ್ತಾ ಇಲ್ಲ” ಅಂತ ತಿರುಗಿ ಬರುತ್ತಾರೆ. ಹೊಸದಾಗಿ ಕೌಂಟರಿಗೆ ನಿಲ್ಲುವ ಹುಡುಗರು ಕೇಳಬೇಕಾದ್ದು: ಎಲ್ಲಿ ನಿಂತು, ಯಾವ ಬೆಳಕಿನಲ್ಲಿ, ಏನು ತೆಗೀತೀರಿ?

ಮೆಗಾಪಿಕ್ಸೆಲಿನ ಲೆಕ್ಕ ಎರಡು ಸಾಲಿನದ್ದು. 12×18 ಇಂಚಿನ ಆಲ್ಬಮ್ ಹಾಳೆಗೆ ಇಂಚಿಗೆ 300 ಚುಕ್ಕಿಯಂತೆ 3600×5400, ಅಂದರೆ 19.4 ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕಿ). 24 ಇದ್ದರೆ ಧಾರಾಳ. ಫ್ಲೆಕ್ಸನ್ನು ದೂರದಿಂದ ನೋಡುವುದರಿಂದ ಅದಕ್ಕೆ ಇನ್ನೂ ಕಡಿಮೆ ಸಾಕು.

ನಮ್ಮ ಕಡೆ ನಿಜವಾದ ಪರೀಕ್ಷೆ ನಡೆಯುವುದು ಯಕ್ಷಗಾನದ ರಂಗಸ್ಥಳದೆದುರು. 12 ಮೀಟರ್ ದೂರದ ಕುರ್ಚಿಯಲ್ಲಿ ಕೂತು ಕಿರೀಟ ಸಹಿತ ಇಡೀ ವೇಷ ಬೇಕೆಂದರೆ, ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಇರುವ ಕ್ಯಾಮೆರಾವನ್ನು ನೆಟ್ಟಗೆ ಹಿಡಿದಾಗ 85ರಿಂದ 95 ಎಂಎಂ ಲೆನ್ಸ್ ಸಾಕು (ಈ ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಸೊಂಟದಿಂದ ಮೇಲೆ ಮಾತ್ರ, ಕ್ಯಾಮೆರಾ ಅಡ್ಡ ಹಿಡಿದು ಬೇಕಾದರೆ 150ರ ಹತ್ತಿರ. ಮುಖವೊಂದೇ ಬೇಕಾದರೆ 300. ಧಿಗಿಣ (ಗಿರ್ರನೆ ಸುತ್ತುತ್ತ ಹಾರುವ ಕುಣಿತ) ಹಾಕುವಾಗ ಕೈಕಾಲು ಮಸುಕಾಗದಿರಲು ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 1/500 ಇರಬೇಕು. ಎಫ್ ಅಂಕಿ ಲೆನ್ಸಿನ ಬೆಳಕಿನ ಕಿಂಡಿಯದ್ದು, ಕಡಿಮೆಯಾದಷ್ಟೂ ಹೆಚ್ಚು ಬೆಳಕು; ಐಎಸ್‌ಒ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟೂ ಚಿತ್ರ ಒರಟು. ಎಫ್ 2.8 ಲೆನ್ಸಿನಲ್ಲಿ ಐಎಸ್‌ಒ 3200ಕ್ಕೆ ಬರುವ ಚಿತ್ರಕ್ಕೆ, ಜೊತೆಗೆ ಬರುವ ಕಿಟ್ ಝೂಮಿನ ಎಫ್ 5.6ರಲ್ಲಿ ಐಎಸ್‌ಒ 12800 ಬೇಕಾಗುತ್ತದೆ. ವೇಷದ ಹಸಿರು, ಕಪ್ಪು ಬಣ್ಣದ ಸೂಕ್ಷ್ಮವೆಲ್ಲ ಮರಳು ಮರಳಾಗುವುದು ಅಲ್ಲಿಯೇ. 85 ಎಂಎಂ ಎಫ್ 1.8 ಲೆನ್ಸ್ ಎಫ್ 5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ, ಬೆಲೆಯೋ 70-200 ಎಫ್ 2.8ರ ಅರ್ಧಕ್ಕೂ ಕಡಿಮೆ. ಹಾಗಾಗಿ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದಲ್ಲಿ) ಒಂದು ಮೆಟ್ಟಿಲು ಕೆಳಗಿಳಿದು ಲೆನ್ಸಿಗೆ ದುಡ್ಡು ಹಾಕಿ ಎನ್ನಲು ಹಿಂಜರಿಯಬೇಡಿ.

ಇನ್ನೊಂದು ತಕರಾರು ಪಟ್ಟೆಯದ್ದು. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಮಿರರ್‌ಲೆಸ್ ಕ್ಯಾಮೆರಾದ ಸದ್ದಿಲ್ಲದ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಚಿತ್ರದಲ್ಲಿ ಕಪ್ಪು ಪಟ್ಟೆ ಮೂಡುತ್ತದೆ. 1/50 ಅಥವಾ 1/100 ಇಟ್ಟರೆ ಪಟ್ಟೆ ಹೋಗುತ್ತದೆ, ಆದರೆ ಧಿಗಿಣವೂ ಮಸುಕಾಗುತ್ತದೆ! ಆದ್ದರಿಂದ ರಾತ್ರಿ ಕಾರ್ಯಕ್ರಮ ತೆಗೆಯುವವರಿಗೆ ಕೊಡುವ ಬಾಡಿಯಲ್ಲಿ ಮೆಕ್ಯಾನಿಕಲ್ ಶಟರ್ (ನಿಜವಾದ ಪರದೆ) ಮತ್ತು ಮಿನುಗು ನೋಡಿ ಕ್ಲಿಕ್ಕಿಸುವ ಆ್ಯಂಟಿ ಫ್ಲಿಕರ್ ಎರಡೂ ಇದೆಯೇ ಎಂದು ಮೆನು ತೆಗೆದು ತೋರಿಸಿ. ತೆಯ್ಯಂನ (ಇಲ್ಲಿನ ದೈವದ ಕುಣಿತದ) ಸೂಟೆ ಅಂದರೆ ಪಂಜಿನ ಬೆಂಕಿಗೆ ಈ ಪಟ್ಟೆಯ ಉಪದ್ರ ಇಲ್ಲ. ಅಲ್ಲಿ ಕೆಂಪು ಬಣ್ಣ ಒಡೆದು ಗೆರೆಯಿಲ್ಲದ ಕಲೆಯಾಗುವುದೇ ಕಷ್ಟ. ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿದರೆ ಮುಖವರ್ಣಿಕೆಯ ಗೆರೆ ಉಳಿಯುತ್ತದೆ.

60 ಪಟ್ಟು ಝೂಮ್ ಎಂದು ಪೆಟ್ಟಿಗೆಯ ಮೇಲೆ ಬರೆದ ಕ್ಯಾಮೆರಾಗಳ ಸೆನ್ಸರ್ ಹೆಚ್ಚಾಗಿ 6.2×4.6 ಮಿಲಿಮೀಟರ್. ಎಪಿಎಸ್-ಸಿಯದ್ದು 23.5×15.6, ಅಂದರೆ ವಿಸ್ತೀರ್ಣದಲ್ಲಿ 13 ಪಟ್ಟು ದೊಡ್ಡದು. ಹಗಲು ಬೇಕಲ ಕೋಟೆಗೋ ತೆಂಗಿನ ತುದಿಯ ಹಕ್ಕಿಗೋ ಆ ಝೂಮ್ ಚೆನ್ನ. ಅಡಕೆ ತೋಟದ ನೆರಳಿಗೇ ಅದು ಸೋಲುತ್ತದೆ.

ವೀಡಿಯೊ ಬೇಕೆಂದವರಿಗೆ ಕಾರ್ಡಿನ ಲೆಕ್ಕ ಹೇಳಲೇಬೇಕು. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಒಂದು ಗಂಟೆಗೆ 45 ಜಿಬಿ ತಿನ್ನುತ್ತದೆ. ವಿ30 ವೇಗದ ಕಾರ್ಡ್ ಸಾಕು. ಹಳೆಯ ಬಾಡಿಗಳಲ್ಲಿ ಹಲವು 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲುತ್ತವೆ. ತಾಳಮದ್ದಳೆ ಪೂರ್ತಿ ಹಿಡಿಯುವವರಿಗೆ ಅಂಥದ್ದನ್ನು ಕಟ್ಟಬೇಡಿ. ಮೆನುವಿನಲ್ಲಿ ಪಾಲ್ (ನಮ್ಮ 50 ಹರ್ಟ್ಸಿಗೆ ಹೊಂದುವ ವೀಡಿಯೊ ಪದ್ಧತಿ) ಇಟ್ಟು ಸೆಕೆಂಡಿಗೆ 25 ಫ್ರೇಮಿಗೆ 1/50 ಶಟರ್ ಹಾಕಿ ಕೊಡಿ.

“ಮಾವನ ಹಳೇ ಲೆನ್ಸ್ ಉಂಟು, ಇದಕ್ಕೆ ಆಗ್ತದಾ?” ಎಂದರೆ ಲೆನ್ಸ್ ತರಿಸಿ ನೋಡಿಯೇ ಉತ್ತರಿಸಿ. ನಿಕಾನ್ ಡಿ3500, ಡಿ5600ರಂಥ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಬಾಡಿಯ ಮೋಟಾರನ್ನೇ ನೆಚ್ಚಿದ ಹಳೆಯ ಎಎಫ್-ಡಿ ಲೆನ್ಸ್ ಕೂರುತ್ತದೆ, ಆದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಕ್ಯಾನನ್ ಇಎಫ್ ಲೆನ್ಸ್ 2018ರಲ್ಲಿ ಬಂದ ಆರ್‌ಎಫ್ ಮೌಂಟಿಗೆ (ಲೆನ್ಸ್ ಕೂರುವ ಬಾಯಿಗೆ) ಅಡಾಪ್ಟರ್ ಹಾಕಿದರೆ ಆಟೊಫೋಕಸ್ ಸಹಿತ ನಡೆಯುತ್ತದೆ. ಗಲ್ಫಿನಿಂದ ತರಿಸುತ್ತೇನೆ ಎನ್ನುವವರಿಗೆ ವಾರಂಟಿ ಕಾರ್ಡಿನಲ್ಲಿ ಭಾರತ ಇದೆಯೇ ನೋಡಲು ಹೇಳಿದರೆ ಸಾಕು, ವಾದ ಬೇಡ.

ಹಳೆ ಲೆನ್ಸ್ ಕೈಗೆ ಬಂದಾಗ ಅಪರ್ಚರ್ (ಬೆಳಕಿನ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಎದುರಿನಿಂದ ಓರೆಯಾಗಿ ನೋಡಿ. ಜೇಡನ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಕಾಸರಗೋಡಿನ ಆಟಿ ತಿಂಗಳ (ಮಳೆಗಾಲದ) ತೇವಕ್ಕೆ ಹೊಸ ಲೆನ್ಸಿಗೂ ಅದು ಬಂದೀತು, ಅದರಲ್ಲೂ ಚರ್ಮದ ಚೀಲದೊಳಗೆ ಮುಚ್ಚಿಟ್ಟರೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಒಂದು ಸಣ್ಣ ತೇವಮಾಪಕ, ಇಷ್ಟನ್ನು ಬಿಲ್ಲಿಗೆ ಸೇರಿಸಿಯೇ ಕಳುಹಿಸಿ. ತೇವಮಾಪಕದ ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಬೇಕು. ತೇವ ಹೀರಿ ಸಿಲಿಕಾ ಜೆಲ್ಲಿನ ನೀಲಿ ಹರಳು ಗುಲಾಬಿಯಾದರೆ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದಾಗ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಅಡುಗೆಯ ಬಾಣಲೆಯಲ್ಲಿ ಹುರಿಯಬಾರದೆಂದು ಡಬ್ಬಿ ಕೊಡುವಾಗಲೇ ಹೇಳಿಬಿಡಿ.